ಸಣ್ಣ ದೋಣಿ, ತಣ್ಣೀರು, ಹಳೇ ಬಲೆ

ಶುಕ್ರವಾರ ರಾತ್ರಿ ಪುಣೆಯಿಂದ ಬಸ್ ಹತ್ತಿ ಗೋವಾಕ್ಕೆ ಬರುವ ಕನ್ನಡದ ಹುಡುಗ ಹುಡುಗಿಯರು ಈಗ ಜಾಸ್ತಿ. ಶನಿವಾರ ಗ್ರಾಂಡೆ ದ್ವೀಪದ ಹತ್ತಿರ ಸ್ಕೂಬಾ ಡೈವ್, ಭಾನುವಾರ ರಾತ್ರಿ ವಾಪಸ್. ಅವರಲ್ಲಿ ಕೆಲವರು ಪೂರ್ತಿ ಕೋರ್ಸ್ ಮುಗಿಸುತ್ತಾರೆ. ಆಮೇಲೆ ಕಂಪನಿ ಕೆಲಸದ ಮೇಲೆ ಸ್ಕಾಟ್ಲೆಂಡಿಗೋ ನಾರ್ವೆಗೋ ಸ್ವೀಡನ್ನಿಗೋ ಹೋಗುತ್ತಾರೆ. ಅಲ್ಲಿಂದ ವಾಸ್ಕೋದಲ್ಲಿರುವ ನನಗೆ ಮೆಸೇಜ್ ಬರುತ್ತದೆ: "ಅಣ್ಣಾ, ಇಲ್ಲೊಂದು ಮೀನಿನ ಬೋಟ್ ಮುಳುಗಿದೆಯಂತೆ. ಚಿಕ್ಕದು. ಆಳ 18 ಮೀಟರ್ ಅಷ್ಟೇ. ಹೋಗಬಹುದಲ್ವಾ?"

ಹೋಗಬಹುದು. ನೋಡಲೇಬೇಕಾದ ಜಾಗ ಅದು. ಆದರೆ 'ಚಿಕ್ಕದು', 'ಅಷ್ಟೇ' ಅನ್ನುವ ಮಾತು ಕೇಳಿದಾಗ ನನಗೆ ಚಿಂತೆಯಾಗುತ್ತದೆ. ದೊಡ್ಡ ಹಡಗಿಗಿಂತ ಸಣ್ಣ ಮೀನುದೋಣಿ ಸುಲಭ ಎಂದು ನಂಬಲು ಕಾರಣವೇ ಇಲ್ಲ. ಅಲ್ಲಿ ಆಳದಿಂದ ಬರುವ ತೊಂದರೆ ಕಡಿಮೆ. ಬಲೆಯಿಂದ ಬರುತ್ತದೆ, ಚಳಿಯಿಂದ ಬರುತ್ತದೆ. ಎರಡೂ ಒಟ್ಟಿಗೆ ಬಂದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ. ಬಲೆಗೆ ಸಿಕ್ಕಿಕೊಂಡವರಿಗೆ ಬೇಕಾಗುವುದು ಚುರುಕಾದ ಬೆರಳು. ತಣ್ಣೀರು ಎಲ್ಲಕ್ಕಿಂತ ಮೊದಲು ಕಿತ್ತುಕೊಳ್ಳುವುದೂ ಬೆರಳನ್ನೇ.

ದೋಣಿ ಮುಳುಗುವಾಗ ಬಲೆಯೂ ಮುಳುಗುತ್ತದೆ

ಮೀನುದೋಣಿ ಅರ್ಥ ಮಾಡಿಕೊಳ್ಳಲು ಸ್ಕಾಟ್ಲೆಂಡಿಗೆ ಹೋಗಬೇಕಿಲ್ಲ. ವಾಸ್ಕೋದ ಖಾರೇವಾಡೋ ಜೆಟ್ಟಿಗೆ ಬನ್ನಿ. ಜೂನ್ 1ರಿಂದ ಜುಲೈ 31ರವರೆಗೆ ಮಳೆಗಾಲದ ಮೀನುಗಾರಿಕೆ ನಿಷೇಧ. ಬೋಟ್‌ಗಳೆಲ್ಲ ಕಟ್ಟಿ ನಿಂತಿರುತ್ತವೆ, ಪುರುಸೊತ್ತಾಗಿ ನೋಡಬಹುದು. ಹಿಂಬದಿಯ ಡೆಕ್ ತುಂಬ ಬಲೆಯ ರಾಶಿ. ವಿಂಚ್, ಅದರಿಂದ ಹೊರಟ ಉಕ್ಕಿನ ಹಗ್ಗ. ಬಲೆಯ ಬಾಯಿ ಅಗಲವಾಗಿ ಇಡುವ ಎರಡು ಭಾರದ ಹಲಗೆ. ಮುಂದೆ ದೋಣಿ ನಡೆಸುವ ತಾಂಡೇಲ ನಿಲ್ಲುವ ಕ್ಯಾಬಿನ್. ಡೆಕ್ ಕೆಳಗೆ ಮೀನು ಮತ್ತು ಐಸ್ ತುಂಬುವ ಕೋಣೆ, ಅದಕ್ಕೊಂದು ಚೌಕದ ಬಾಯಿ. ಎಂಜಿನ್ ಕೋಣೆಯ ಬಾಯಿ ಇನ್ನೂ ಕಿರಿದು. ಈಗ ಇದೇ ಬೋಟ್ ಒಂದು ಮಗ್ಗುಲಿಗೆ ಬಿದ್ದಿದೆ, ಸುತ್ತ ಹಸಿರು ಮಬ್ಬು, ನಿಮಗೆ ಕಾಣುವುದು ನಾಲ್ಕೈದು ಮೀಟರ್ ಮಾತ್ರ ಎಂದುಕೊಳ್ಳಿ.

ಇಂಥ ಬೋಟ್ ಮುಳುಗಲು ಕೆಲವು ಮಾಮೂಲಿ ಕಾರಣಗಳಿವೆ. ಎಂಜಿನ್ ತಂಪು ಮಾಡಲು ಕಡಲ ನೀರು ಒಳಗೆ ತರುವ ಪೈಪ್ ಒಡೆಯುತ್ತದೆ, ಯಾರೂ ಗಮನಿಸುವ ಮೊದಲೇ ಎಂಜಿನ್ ಕೋಣೆ ತುಂಬುತ್ತದೆ. ಇಲ್ಲವೇ ತಳದ ಬಂಡೆಗೆ ಬಲೆ ಸಿಕ್ಕಿಕೊಂಡು, ವಿಂಚ್ ಎಳೆಯುತ್ತಿರುವಾಗಲೇ ದೋಣಿ ಮಗುಚುತ್ತದೆ. ಡೆಕ್ ಮೇಲೆ ಭಾರ ಜಾಸ್ತಿಯಾಗಿ ಅಲೆಗೆ ವಾಲುವುದೂ ಇದೆ. ಯಾವ ಕಾರಣವಾದರೂ ಸಾಮಾನ್ಯವಾಗಿ ಬಲೆ, ಹಗ್ಗ, ಗಾಳದ ದಾರ ಎಲ್ಲವೂ ದೋಣಿಯ ಜೊತೆಗೇ ಕೆಳಗೆ ಹೋಗುತ್ತವೆ. ಸರಕು ಹಡಗಿನಲ್ಲಿ ನಿಮ್ಮ ಎದುರಿಗೆ ಇರುವುದು ಕಬ್ಬಿಣದ ಗೋಡೆ. ಇಲ್ಲಿ ಇರುವುದು ಹಿಡಿಯಲೆಂದೇ ಮಾಡಿದ ವಸ್ತು.

ಅಷ್ಟಕ್ಕೇ ನಿಲ್ಲುವುದಿಲ್ಲ. ಬರಿದಾದ ಮರಳು ತಳದಲ್ಲಿ ಒಂದು ದೋಣಿ ಬಿದ್ದರೆ ಅದರ ಮರೆಗೆ ಮೀನು ಸೇರುತ್ತದೆ. ಮೀನು ಇದೆ ಎಂದು ತಿಳಿದ ಬೇರೆ ದೋಣಿಯವರು ಅಲ್ಲಿಗೆ ಬರುತ್ತಾರೆ. ಅವರ ಗಾಳವೂ ಬಲೆಯೂ ಅದಕ್ಕೇ ಸಿಕ್ಕಿ ಹರಿಯುತ್ತವೆ. ಹೀಗೆ ವರ್ಷ ಕಳೆದಂತೆ ಹಳೆ ಬಲೆಯ ಮೇಲೆ ಹೊಸ ಬಲೆ ಬೀಳುತ್ತದೆ. ನೈಲಾನ್ ದಶಕಗಟ್ಟಲೆ ಕೊಳೆಯುವುದಿಲ್ಲ. ಯಾರೂ ಎಳೆಯದಿದ್ದರೂ ಆ ಬಲೆ ಏಡಿ, ಮೀನು ಹಿಡಿಯುತ್ತಲೇ ಇರುತ್ತದೆ. ಆದ್ದರಿಂದ "ದೋಣಿ ಯಾವಾಗ ಮುಳುಗಿತು" ಎಂದು ಕೇಳುವುದರ ಜೊತೆಗೆ "ಕೊನೆಯದಾಗಿ ಯಾರು ಇಳಿದರು, ಬಲೆ ಎಲ್ಲೆಲ್ಲಿ ಇತ್ತು" ಎಂದು ಕೇಳಿ. ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲದ ಕಡೆ ನಾನು ಇಳಿಯುವುದಿಲ್ಲ.

ದಪ್ಪ ಹಗ್ಗದ ಬಲೆ ಕಾಣುತ್ತದೆ. ತೆಳು ನೈಲಾನ್ ಎಳೆಯ ಬಲೆ ಕಾಣುವುದೇ ಇಲ್ಲ, ಟಾರ್ಚ್ ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಒಂದು ಗೆರೆ ಹೊಳೆಯುತ್ತದೆ. ಅದು ಸಿಕ್ಕಿಕೊಳ್ಳುವ ಜಾಗಗಳೂ ಹಾಗೇ, ನಿಮ್ಮ ಕಣ್ಣಿಗೆ ಬೀಳದವು. ತಲೆಯ ಹಿಂದಿನ ಸಿಲಿಂಡರ್ ವಾಲ್ವ್. ಈಜಲು ಪಾದಕ್ಕೆ ಹಾಕುವ ಫಿನ್‌ನ ಪಟ್ಟಿ. ಕಾಲಿಗೆ ಕಟ್ಟಿದ ಚಾಕುವಿನ ಹಿಡಿ. ಉಳಿದ ಗಾಳಿ ತೋರಿಸುವ, ಜೋತಾಡುವ ಗೇಜ್. ಹಿಂದಿನಿಂದ ಏನೋ ಎಳೆದಂತಾದ ಕೂಡಲೇ ತಿರುಗಿ ನೋಡಬೇಕು ಅನ್ನಿಸುತ್ತದೆ. ತಿರುಗಿದರೆ ಇನ್ನೊಂದು ಸುತ್ತು ಬಿಗಿಯುತ್ತದೆ. ಮಾಡಬೇಕಾದದ್ದು ಇಷ್ಟು: ನಿಲ್ಲಿ. ಉಸಿರು ನಿಧಾನ ಮಾಡಿ. ಟಾರ್ಚ್ ಬೆಳಕನ್ನು ಆ ಕಡೆ ಈ ಕಡೆ ಜೋರಾಗಿ ಆಡಿಸಿ ಜೊತೆಗಾರರನ್ನು ಕರೆಯಿರಿ. ಬಂದ ದಾರಿಯಲ್ಲೇ ಸ್ವಲ್ಪ ಹಿಂದೆ ಸರಿಯಿರಿ, ಎಷ್ಟೋ ಸಲ ಅಷ್ಟಕ್ಕೇ ಬಿಡುತ್ತದೆ. ಬಿಡದಿದ್ದರೆ ಜೊತೆಗಾರರು ಕತ್ತರಿಸಲಿ. ನಿಮ್ಮ ಬೆನ್ನು ಕಾಣುವುದು ಅವರಿಗೆ ಮಾತ್ರ ಅಲ್ವಾ. ಈ ಒಂದೇ ಕಾರಣಕ್ಕೆ ಮೀನುದೋಣಿಯ ಮೇಲೆ ಜೊತೆಗಾರರು ಕೈಗೆ ಎಟಕುವಷ್ಟು ಹತ್ತಿರ ಇರಬೇಕು.

ಕತ್ತರಿಸಲು ದೊಡ್ಡ ಚಾಕು ಅಷ್ಟು ಉಪಯೋಗವಿಲ್ಲ. ಸಡಿಲ ಬಲೆಗೆ ಚಾಕು ಹಾಕಿದರೆ ಬಲೆ ಜಾರುತ್ತದೆ. ಕೊಕ್ಕೆಯ ಒಳಗೆ ಬ್ಲೇಡ್ ಇರುವ ಲೈನ್ ಕಟರ್ ಒಂದು, ಆಸ್ಪತ್ರೆಯಲ್ಲಿ ಬಟ್ಟೆ ಕತ್ತರಿಸುವಂಥ ಗಟ್ಟಿ ಕತ್ತರಿ ಒಂದು ಇರಲಿ. ಎರಡನ್ನೂ ಎದೆಯ ಭಾಗದಲ್ಲಿ, ಯಾವ ಕೈಯಿಂದಲೂ ಸಿಗುವಂತೆ ಕಟ್ಟಿಕೊಳ್ಳಿ. ವಿಂಚ್‌ನ ಉಕ್ಕಿನ ಹಗ್ಗವನ್ನು ಇವು ಯಾವುದೂ ಕತ್ತರಿಸವು. ಅದರ ಹತ್ತಿರ ಹೋಗದಿರುವುದೇ ಉಪಾಯ.

ಗೋವಾದ ನೀರು ಕಲಿಸದ ಪಾಠ

ಇಲ್ಲಿ ಡೈವಿಂಗ್ ಕಾಲದಲ್ಲಿ, ಅಂದರೆ ಅಕ್ಟೋಬರಿನಿಂದ ಮೇವರೆಗೆ, ನೀರು ಹೆಚ್ಚುಕಡಿಮೆ 27–30 ಡಿಗ್ರಿ ಇರುತ್ತದೆ. 3 ಮಿಲಿಮೀಟರ್ ಸೂಟ್ ಹಾಕಿದರೆ ಚಳಿಯ ನೆನಪೇ ಬರುವುದಿಲ್ಲ. ಸ್ಕಾಟ್ಲೆಂಡ್ ಕರಾವಳಿಯಲ್ಲಿ ಚಳಿಗಾಲದ ಕೊನೆಗೆ ನೀರು 6–7 ಡಿಗ್ರಿಗೆ ಇಳಿಯುತ್ತದೆ. ಬೇಸಿಗೆಯ ಕೊನೆಗೂ 13–14 ಡಿಗ್ರಿ ಮಾತ್ರ. ನಾನು ಕಲಿತದ್ದು ಇಲ್ಲಿನ ಬೆಚ್ಚನೆಯ ನೀರಿನಲ್ಲಿ, ಆಮೇಲೆ ಅಲ್ಲಿನ ನೀರಿಗೂ ಇಳಿದಿದ್ದೇನೆ. ಅದು ಇಲ್ಲಿಯದ್ದೇ ಆಟದ ಕಷ್ಟದ ರೂಪ ಅಲ್ಲ. ಬಹಳಷ್ಟನ್ನು ಹೊಸದಾಗಿ ಕಲಿಯಬೇಕು.

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಹೀರುತ್ತದೆ. ಆಗ ದೇಹ ತನ್ನ ಲೆಕ್ಕ ಹಾಕುತ್ತದೆ. ಹೃದಯ, ಮಿದುಳು ಮುಖ್ಯ, ಬೆರಳು ಆಮೇಲೆ. ಕೈಕಾಲಿನ ರಕ್ತನಾಳ ಕಿರಿದಾಗುತ್ತವೆ, ಅಲ್ಲಿಗೆ ಬಿಸಿ ರಕ್ತ ಹೋಗುವುದು ಕಡಿಮೆಯಾಗುತ್ತದೆ. ಬೆರಳಿನ ಚರ್ಮ ಸುಮಾರು 15 ಡಿಗ್ರಿಗಿಂತ ಕೆಳಗೆ ಇಳಿದರೆ ಚುರುಕುತನ ಹೋಗಲು ಶುರು. ಇನ್ನೂ ಇಳಿದರೆ ಮುಟ್ಟಿದ್ದೇ ತಿಳಿಯುವುದಿಲ್ಲ. ಕ್ಲಿಪ್ ತೆಗೆಯುವುದು, ಗುಂಡಿ ಒತ್ತುವುದು, ಕಟರ್‌ನ ಕೊಕ್ಕೆಗೆ ಒಂದು ಎಳೆ ಸಿಕ್ಕಿಸುವುದು, ಎಲ್ಲವೂ ದೊಡ್ಡ ಕೆಲಸವಾಗುತ್ತದೆ. ಮೈ ಇನ್ನೂ ಬೆಚ್ಚಗಿರುತ್ತದೆ, ಮನಸ್ಸೂ ಸರಿಯಾಗಿರುತ್ತದೆ. ಕೈ ಮಾತ್ರ ಮಾತು ಕೇಳುವುದಿಲ್ಲ. ಬಲೆಯ ಪಕ್ಕದಲ್ಲಿ ಇದಕ್ಕಿಂತ ಕೆಟ್ಟ ಸ್ಥಿತಿ ಇನ್ನೊಂದಿಲ್ಲ. ನನ್ನ ನಿಯಮ ಸರಳ: ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಲು ಕಷ್ಟವಾಯಿತೋ, ಡೈವ್ ಮುಗಿಯಿತು. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದ್ದರೂ ಸರಿ.

ಹಾಗಾದರೆ ದಪ್ಪ ಸೂಟ್ ಹಾಕಿದರೆ ಆಯಿತಲ್ಲ? ನಾವು ಹಾಕುವ ವೆಟ್‌ಸೂಟ್ ನಿಯೋಪ್ರೀನ್ ಎಂಬ ರಬ್ಬರಿನದು. ಅದರೊಳಗಿನ ಸಣ್ಣ ಸಣ್ಣ ಗುಳ್ಳೆಗಳೇ ಬಿಸಿ ಕಾಯುವುದು. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು, 20 ಮೀಟರ್‌ನಲ್ಲಿ ಮೂರು ಪಟ್ಟು. ಗುಳ್ಳೆ ಅಮುಕಿಹೋಗುತ್ತದೆ, ಸೂಟ್ ತೆಳುವಾಗುತ್ತದೆ. ಅಂದರೆ ದೋಣಿ ಇರುವ ಆಳದಲ್ಲೇ, ಚಳಿ ಜಾಸ್ತಿ ಇರುವಲ್ಲೇ, ಸೂಟ್ ಕೈಕೊಡುತ್ತದೆ. ಅದಕ್ಕೇ ಅಲ್ಲಿನವರು ಡ್ರೈಸೂಟ್ ಹಾಕುತ್ತಾರೆ. ಕುತ್ತಿಗೆ, ಮಣಿಕಟ್ಟಿನಲ್ಲಿ ಬಿಗಿಯಾದ ರಬ್ಬರ್ ಪಟ್ಟಿ. ಒಳಗೆ ನೀರು ಬರುವುದಿಲ್ಲ. ಒಳಗೆ ಬೆಚ್ಚನೆಯ ಉಡುಪು, ಅದರ ಸುತ್ತ ಗಾಳಿಯ ಪದರ. ಕೆಳಗೆ ಇಳಿಯುವಾಗ ಆ ಗಾಳಿ ಕುಗ್ಗಿ ಸೂಟ್ ಮೈಯನ್ನು ಹಿಂಡುತ್ತದೆ. ಎದೆಯ ಮೇಲಿನ ಗುಂಡಿ ಒತ್ತಿ ಗಾಳಿ ತುಂಬಬೇಕು. ಮೇಲೆ ಬರುವಾಗ ಅದೇ ಗಾಳಿ ಉಬ್ಬುತ್ತದೆ. ತೋಳಿನ ವಾಲ್ವ್‌ನಿಂದ ಬಿಡುತ್ತಾ ಬರಬೇಕು, ಇಲ್ಲದಿದ್ದರೆ ಅದು ನಿಮ್ಮನ್ನು ಮೇಲಕ್ಕೆ ಎಳೆದೊಯ್ಯುತ್ತದೆ. ತಲೆ ಕೆಳಗಾದರೆ ಗಾಳಿಯೆಲ್ಲ ಪಾದಕ್ಕೆ ಓಡಿ ಕಾಲು ಮೇಲೇಳುತ್ತದೆ. ಆ ಗಾಳಿಯನ್ನು ಬಿಡುವ ವಾಲ್ವ್ ಇರುವುದು ತೋಳಿನಲ್ಲಿ. ಮೊದಲು ಮೈ ಮುದುಡಿಕೊಂಡು ಉರುಳಿ ನೆಟ್ಟಗಾಗಬೇಕು. ಇದಕ್ಕೆ ಪ್ರತ್ಯೇಕ ತರಬೇತಿ ಇದೆ. ಈಜುಕೊಳದಲ್ಲಿ, ಆಮೇಲೆ ಖಾಲಿ ಮರಳು ತಳದಲ್ಲಿ ಅಭ್ಯಾಸ ಮಾಡಿ. ಮೀನುದೋಣಿಯ ಮೇಲೆ ಡ್ರೈಸೂಟ್ ಕಲಿಯುವುದು ತಪ್ಪು, ಯಾರು ಕರೆದುಕೊಂಡು ಹೋದರೂ ತಪ್ಪು.

ಗಾಳಿಯ ಲೆಕ್ಕ

ಸೈಕಲ್ ಟೈರಿನ ವಾಲ್ವ್ ಒತ್ತಿ ಗಾಳಿ ಬಿಟ್ಟರೆ ಬೆರಳಿಗೆ ತಂಪು ತಾಗುತ್ತದೆ. ಒತ್ತಿಟ್ಟ ಗಾಳಿ ಹಿಗ್ಗಿದರೆ ತಣ್ಣಗಾಗುತ್ತದೆ. ಸಿಲಿಂಡರಿನಲ್ಲಿ ಇರುವುದು 200 ಬಾರ್ ಒತ್ತಡ. ಆ ಗಾಳಿಯನ್ನು ಉಸಿರಾಡುವಂತೆ ಮಾಡಿ ಬಾಯಿಗೆ ಕೊಡುವುದು ರೆಗ್ಯುಲೇಟರ್. ಒತ್ತಡ ಅದರ ಮೊದಲ ಹಂತದಲ್ಲಿ ಸುಮಾರು 10 ಬಾರ್‌ಗೆ ಇಳಿಯುತ್ತದೆ. ಅಲ್ಲಿ ಎಷ್ಟು ತಂಪು ಹುಟ್ಟುತ್ತದೆ ಊಹಿಸಿ. ಗೋವಾದಲ್ಲಿ ಸುತ್ತಲಿನ ಬೆಚ್ಚನೆಯ ನೀರು ಅದನ್ನು ಸರಿದೂಗಿಸುತ್ತದೆ. 5 ಡಿಗ್ರಿ ನೀರಿಗೆ ಆ ಶಕ್ತಿ ಇಲ್ಲ. ಲೋಹ ಸೊನ್ನೆಗಿಂತ ಕೆಳಗೆ ಹೋಗಿ ಸುತ್ತ ಹಿಮ ಕಟ್ಟುತ್ತದೆ. ನಾವು ಬಿಡುವ ಉಸಿರಿನ ತೇವವೂ ಬಾಯಿಯ ಹತ್ತಿರದ ಭಾಗದಲ್ಲಿ ಹೆಪ್ಪುಗಟ್ಟಬಹುದು. ವಾಲ್ವ್ ತೆರೆದುಕೊಂಡೇ ನಿಲ್ಲುತ್ತದೆ. ಗಾಳಿ ಭೋರ್ ಎಂದು ಸುರಿಯುತ್ತದೆ, ಸಿಲಿಂಡರ್ ಕೆಲವೇ ನಿಮಿಷಗಳಲ್ಲಿ ಖಾಲಿ.

ಆದ್ದರಿಂದ ಇಲ್ಲಿಂದ ಸ್ವಂತ ರೆಗ್ಯುಲೇಟರ್ ಒಯ್ಯುವವರು ಒಂದು ಗುರುತು ನೋಡಿಕೊಳ್ಳಬೇಕು. ಯುರೋಪಿನ ಇಎನ್ 250 ಮಾನದಂಡದ ಪ್ರಕಾರ 10 ಡಿಗ್ರಿಗಿಂತ ತಂಪಾದ ನೀರು ಎಂದರೆ ತಣ್ಣೀರು, ಅದಕ್ಕೆ ಬೇರೆ ಪರೀಕ್ಷೆ ಇದೆ. ಆ ಪರೀಕ್ಷೆಗೆ ಒಳಪಡದ ಉಪಕರಣದ ಮೇಲೆ 10 ಡಿಗ್ರಿಗಿಂತ ಹೆಚ್ಚು ಎಂಬ ಗುರುತು ಕೊರೆದಿರುತ್ತಾರೆ. ಅಂಥದ್ದನ್ನು ಮನೆಯಲ್ಲೇ ಬಿಡಿ. ಸರಿಯಾದ ಉಪಕರಣ ಇದ್ದರೂ ಕೆಲವು ಅಭ್ಯಾಸ ಬೇಕು. ನೀರಿಗೆ ಇಳಿಯುವ ಮೊದಲು ಕೊರೆಯುವ ಗಾಳಿಯಲ್ಲಿ ಸುಮ್ನೆ ಅದರಿಂದ ಉಸಿರಾಡಬೇಡಿ. ಸೂಟಿಗೆ ಗಾಳಿ ತುಂಬುವಾಗ ಗುಂಡಿಯನ್ನು ಒತ್ತಿ ಹಿಡಿಯಬೇಡಿ, ಸ್ವಲ್ಪ ಸ್ವಲ್ಪ ಕೊಡಿ. ಎರಡು ಬೇರೆ ಬೇರೆ ವಾಲ್ವ್‌ಗೆ ಎರಡು ರೆಗ್ಯುಲೇಟರ್, ಇಲ್ಲವೇ ಬೇರೆಯೇ ಒಂದು ಸಣ್ಣ ಸಿಲಿಂಡರ್ ಇರಲಿ. ಒಂದು ಹಿಮ ಕಟ್ಟಿದರೆ ಮುಚ್ಚಿ, ಇನ್ನೊಂದರಿಂದ ಉಸಿರಾಡಿ ಮೇಲೆ ಬರಬಹುದು.

ಈಗ ಲೆಕ್ಕ. 12 ಲೀಟರ್ ಸಿಲಿಂಡರ್, 200 ಬಾರ್, ಒಟ್ಟು 2400 ಲೀಟರ್ ಗಾಳಿ. 50 ಬಾರ್ ಮುಟ್ಟುವಂತಿಲ್ಲ, ಅದು ಆಪತ್ತಿಗೆ. ಉಳಿದದ್ದು 1800 ಲೀಟರ್. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 20 ಮೀಟರ್ ಆಳದಲ್ಲಿ 60 ಲೀಟರ್ ಬಳಸುತ್ತಾರೆ. 30 ನಿಮಿಷ ಸಿಗುತ್ತದೆ. ಚಳಿಗೆ, ಭಾರದ ಸಾಮಾನಿಗೆ, ಸ್ವಲ್ಪ ಭಯಕ್ಕೆ ಉಸಿರು 30 ಲೀಟರ್‌ಗೆ ಏರಿದರೆ ಅದೇ ಸಿಲಿಂಡರ್ 20 ನಿಮಿಷಕ್ಕೆ ಮುಗಿಯುತ್ತದೆ. ಇನ್ನೊಂದು ವಿಷಯ, ಇದು ಹೊಸಬರಿಗೆ ಗಾಬರಿ ತರುತ್ತದೆ: 30 ಡಿಗ್ರಿಯ ಕೋಣೆಯಲ್ಲಿ 200 ಬಾರ್ ತೋರಿಸಿದ ಸಿಲಿಂಡರ್ 5 ಡಿಗ್ರಿ ನೀರಿನಲ್ಲಿ ಸುಮಾರು 183 ಬಾರ್ ತೋರಿಸುತ್ತದೆ. ಸೋರಿಕೆ ಅಲ್ಲ, ಗಾಳಿ ತಣ್ಣಗಾಗಿದೆ ಅಷ್ಟೇ. ಆದರೆ ಲೆಕ್ಕ ಹಾಕುವಾಗ 183ರಿಂದಲೇ ಶುರು ಮಾಡಬೇಕು.

ಮೇಲೆ ಬರುವ ಹೊತ್ತಿನ ಬಗ್ಗೆಯೂ ಹೇಳಬೇಕು. ಆಳದಲ್ಲಿ ನೈಟ್ರೋಜನ್ ಮೈಯೊಳಗೆ ಕರಗುತ್ತದೆ, ಮೇಲೆ ಬರುವಾಗ ನಿಧಾನವಾಗಿ ಹೊರಹೋಗಬೇಕು, ಇಲ್ಲದಿದ್ದರೆ ಗುಳ್ಳೆಯಾಗಿ ಮೈಗೆ ಹಾನಿ ಮಾಡುತ್ತದೆ. ಶುರುವಿನಲ್ಲಿ ಮೈ ಬೆಚ್ಚಗಿದ್ದು ರಕ್ತ ಚೆನ್ನಾಗಿ ಓಡುವಾಗ ಒಳಗೆ ಹೋದ ನೈಟ್ರೋಜನ್, ಕೊನೆಯಲ್ಲಿ ಚಳಿಗೆ ರಕ್ತನಾಳ ಕಿರಿದಾದಾಗ ಸಲೀಸಾಗಿ ಹೊರಬರುವುದಿಲ್ಲ. ಅಮೆರಿಕದ ನೌಕಾಪಡೆಯ ಡೈವಿಂಗ್ ಘಟಕ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ತಳದಲ್ಲಿ ಬೆಚ್ಚಗಿದ್ದು ಮೇಲೆ ಬರುವಾಗ ತಂಪಾದವರಿಗೆ ಅಪಾಯ ಹೆಚ್ಚು. ಆಳ, ಸಮಯದ ಲೆಕ್ಕ ಇಡುವ ಕೈಯಲ್ಲಿನ ಡೈವ್ ಕಂಪ್ಯೂಟರಿಗೆ ನಿಮ್ಮ ಬೆರಳು ಮರಗಟ್ಟಿದ್ದು ಗೊತ್ತಾಗುವುದಿಲ್ಲ. ಹಾಗಾಗಿ ತಣ್ಣೀರಿನಲ್ಲಿ ಅದು ಕೊಟ್ಟ ಸಮಯವನ್ನು ಪೂರ್ತಿ ಬಳಸಬೇಡಿ, ಮೇಲೆ ಬರುವ ಮೊದಲಿನ ಕೊನೆಯ ನಿಲುಗಡೆಯನ್ನು ಉದ್ದ ಮಾಡಿ. ಡೈವ್ ಸರಣಿ ಮುಗಿದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಿ. ಗೋವಾದಿಂದ ಮುಂಬೈಗೆ ಹಾರುವವರಿಗೂ ಇದೇ ಮಾತು.

ಬಾಗಿಲ ಹೊರಗೆ

ಒಳಗೆ ಹೋಗಬೇಡಿ. ಸಣ್ಣ ದೋಣಿಯ ಕ್ಯಾಬಿನ್‌ಗೆ ಸಾಮಾನ್ಯವಾಗಿ ಒಂದೇ ಬಾಗಿಲು. ಸಿಲಿಂಡರ್ ಹೊತ್ತವರು ಒಳಗೆ ತಿರುಗಲು ಜಾಗ ಇರುವುದಿಲ್ಲ. ಫಿನ್ ಒಂದು ಸಲ ಆಡಿದರೆ ಹೂಳೆದ್ದು ಬಾಗಿಲೇ ಕಾಣೆಯಾಗುತ್ತದೆ. ಹೊರಗಿನಿಂದ ಟಾರ್ಚ್ ಹಾಕಿದರೆ ಒಳಗಿನದೆಲ್ಲ ಕಾಣುತ್ತದೆ.

ಹೊರಗೇ ನೋಡುವಷ್ಟು ಇದೆ. ಗ್ರಾಂಡೆ ದ್ವೀಪದ ಹತ್ತಿರ ಮುಳುಗಿರುವ ಸೂಜೀಸ್ ರೆಕ್ ನೋಡಿದ ನಮಗೆ ಮುಳುಗಿದ ಹಡಗು ಎಂದರೆ ಕಬ್ಬಿಣದ ತುಂಡು ಮತ್ತು ಅದರ ಸುತ್ತ ಮೀನಿನ ಗುಂಪು. ತಂಪು ಕಡಲಿನಲ್ಲಿ ಇಡೀ ದೋಣಿಯೇ ಜೀವದಿಂದ ಮುಚ್ಚಿಹೋಗಿರುತ್ತದೆ. ಬಿಳಿ, ಕಿತ್ತಳೆ ಬಣ್ಣದ ಪ್ಲೂಮೋಸ್ ಅನಿಮೋನ್ ಎಂಬ ಹೂವಿನಂಥ ಕಡಲಜೀವಿಗಳು ಮೇಲ್ಭಾಗದ ಕಂಬಿಗಳ ಮೇಲೆ ಒತ್ತೊತ್ತಾಗಿ ಬೆಳೆದಿರುತ್ತವೆ. ಹಲಗೆಯ ಸಂದಿಯಲ್ಲಿ ಲಾಬ್‌ಸ್ಟರ್, ಪೈಪಿನೊಳಗೆ ತೋಳಿನಷ್ಟು ದಪ್ಪದ ಕಾಂಗರ್ ಹಾವುಮೀನು. ತಂಪು ನೀರಿನಲ್ಲಿ ಆಮ್ಲಜನಕವೂ ಪೋಷಕಾಂಶವೂ ಚೆನ್ನಾಗಿರುತ್ತವೆ. ಆ ಸಮೃದ್ಧಿಯನ್ನು ಮೊದಲ ಸಲ ನೋಡಿದಾಗ ನನಗೆ ಚಳಿಯೇ ಮರೆತುಹೋಗಿತ್ತು.

ಮರದ ದೋಣಿಯ ವಿಷಯದಲ್ಲಿ ಎರಡು ಕಡಲುಗಳ ಅಂತರ ಇನ್ನೂ ಚೆನ್ನಾಗಿ ಕಾಣುತ್ತದೆ. ನಮ್ಮ ಬೆಚ್ಚನೆಯ ಉಪ್ಪುನೀರಿನಲ್ಲಿ ಮರ ಕೊರೆಯುವ ಹಡಗುಹುಳು ಬೇಗ ಬೆಳೆಯುತ್ತದೆ. ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಗೋವಾದ ಸೇಂಟ್ ಜಾರ್ಜ್ ರೀಫ್‌ನಲ್ಲಿ ಮುಳುಗಿದ ಹಡಗೊಂದನ್ನು ಅಧ್ಯಯನ ಮಾಡಿದರು. ಅಲ್ಲಿ ಉಳಿದಿದ್ದು ಮುಖ್ಯವಾಗಿ ಸುಟ್ಟ ಮಣ್ಣಿನ ಸರಕು. ಹೆಂಚುಗಳ ಮೇಲೆ ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865 ಎಂಬ ಮುದ್ರೆ. ನಮ್ಮ ಮಂಗಳೂರು ಹೆಂಚು! ಅತ್ತ ಬಾಲ್ಟಿಕ್ ಕಡಲಿನಲ್ಲಿ ಉಪ್ಪು ಕಡಿಮೆ, ಆ ಹುಳು ಬದುಕುವುದು ಕಷ್ಟ. 1628ರಲ್ಲಿ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿದ ವಾಸಾ ಹಡಗನ್ನು 1961ರಲ್ಲಿ ಎತ್ತಿದಾಗ ಮರದ ಕೆತ್ತನೆ ಸಮೇತ ಸಿಕ್ಕಿತು. ಸ್ವೀಡನ್ನಿಗೆ ಹೋದವರು ಅದರ ಮ್ಯೂಸಿಯಂ ತಪ್ಪಿಸಬೇಡಿ.

ಏನನ್ನೂ ತೆಗೆದುಕೊಂಡು ಬರಬೇಡಿ. ಬ್ರಿಟನ್ನಿನಲ್ಲಿ ಮುಳುಗಿದ ಹಡಗಿನಿಂದ ಸಿಕ್ಕಿದ್ದನ್ನು ಮೇಲೆ ತಂದರೆ ಸರ್ಕಾರದ ಅಧಿಕಾರಿಗೆ ತಿಳಿಸುವುದು ಕಡ್ಡಾಯ. 1973ರ ಕಾಯ್ದೆಯಡಿ ರಕ್ಷಿಸಿದ ಹಡಗುಗಳಿಗೆ ಅನುಮತಿ ಇಲ್ಲದೆ ಇಳಿಯುವಂತೆಯೇ ಇಲ್ಲ. ಕಾನೂನಿಗಿಂತ ದೊಡ್ಡ ಕಾರಣವೂ ಒಂದಿದೆ. ಮೀನುದೋಣಿ ಮುಳುಗಿದಾಗ ಅದರಲ್ಲಿ ದುಡಿಯುತ್ತಿದ್ದವರು ಇದ್ದರು. ಅವರು ಎಲ್ಲರೂ ದಡ ಸೇರಿದರೇ ಎಂದು ಇಳಿಯುವ ಮೊದಲು ವಿಚಾರಿಸಿ. ಸೇರಲಿಲ್ಲ ಎಂದಾದರೆ ಅದು ಅವರ ಮನೆಯವರ ಜಾಗ. ಕಾರವಾರ, ಮಲ್ಪೆ, ವಾಸ್ಕೋದ ಮನೆಗಳಲ್ಲಿ ಇಂಥ ದುಃಖ ಕಂಡ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಹೊರಡುವ ಮೊದಲು ಇಲ್ಲೇ ಮಾಡಬಹುದಾದದ್ದು

ಡ್ರೈಸೂಟ್ ತರಬೇತಿ ತಣ್ಣೀರಿನ ದೇಶಕ್ಕೆ ಹೋದ ಮೇಲೆ ಅಲ್ಲೇ ಆಗಬೇಕು. ಆಗಸ್ಟ್–ಸೆಪ್ಟೆಂಬರಿನಲ್ಲಿ ಅಲ್ಲಿನ ನೀರು ಹೆಚ್ಚು ಬೆಚ್ಚಗಿರುವಾಗ ಶುರು ಮಾಡಿ. ಭರತ–ಇಳಿತದ ನಡುವೆ ನೀರು ನಿಲ್ಲುವ ಹೊತ್ತು ನೋಡಿಯೇ ದೋಣಿಗೆ ಇಳಿಯಿರಿ, ಸೆಳೆತ ಇದ್ದರೆ ಅದೇ ನಿಮ್ಮನ್ನು ಬಲೆಗೆ ತಳ್ಳುತ್ತದೆ.

ಬೆರಳಿನ ಅಭ್ಯಾಸ ಮಾತ್ರ ಇಲ್ಲೇ, ನೆಲದ ಮೇಲೇ ಆಗುತ್ತದೆ. ಜೆಟ್ಟಿಯಲ್ಲಿ ಕೇಳಿದರೆ ಹರಿದ ಬಲೆಯ ತುಂಡು ಕೊಡುತ್ತಾರೆ. ಒಂದು ಬಕೆಟ್ ನೀರಿಗೆ ಮೀನಿನ ಐಸ್ ಹಾಕಿ. 5 ಮಿಲಿಮೀಟರ್ ಕೈಗವಸು ಹಾಕಿಕೊಂಡು ಐದು ನಿಮಿಷ ಕೈ ಮುಳುಗಿಸಿ. ಆಮೇಲೆ ಸಿಲಿಂಡರ್ ಸಮೇತ ಜಾಕೆಟ್ ಹೊತ್ತು ನಿಲ್ಲಿ. ಗೆಳೆಯರೊಬ್ಬರು ಹಿಂದಿನ ವಾಲ್ವ್‌ಗೆ ಬಲೆ ಸಿಕ್ಕಿಸಲಿ. ಕಣ್ಣು ಮುಚ್ಚಿ ಕಟರ್ ತೆಗೆಯಿರಿ, ಕತ್ತರಿಸಿ, ಮತ್ತೆ ಅದರ ಜಾಗದಲ್ಲೇ ಇಡಿ. ಎಡಗೈಯಲ್ಲೂ ಮಾಡಿ. ಕಟರ್ ಕೈಗೆ ಸಿಗದಿದ್ದರೆ, ಸಿಕ್ಕಿ ಜಾರಿ ಬಿದ್ದರೆ, ಅದನ್ನು ಕಟ್ಟುವ ಜಾಗ ಬದಲಿಸಿ, ದಾರ ಉದ್ದ ಮಾಡಿ, ಹಿಡಿಗೆ ಒರಟು ಟೇಪ್ ಸುತ್ತಿ, ಮತ್ತೆ ಐಸ್ ನೀರಿಗೆ ಕೈ ಹಾಕಿ ಮೊದಲಿನಿಂದ ಮಾಡಿ.